ಕೊನೆಯ ನಾಲ್ಕು ಕಂತು

ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಾನು ಉದ್ದದ ಮೆಸೇಜು ಹಾಕೋದು ಕಡಿಮೆ. ಅವತ್ತು ರಾತ್ರಿ ಹಾಕಿದೆ. ನಾಲ್ಕು ತಿಂಗಳಲ್ಲಿ ಆರು ಕಾದಂಬರಿ ಓದಿದ್ದೆ, ಒಂದೊಂದೂ ಒಂದೊಂದು ಜಾತಿಯದು. ಮುಗಿದ ಮೇಲೂ ಅವು ತಲೆಯಿಂದ ಇಳಿಯಲಿಲ್ಲ, ಯಾರಿಗಾದರೂ ಹೇಳಲೇಬೇಕಿತ್ತು. ಪುಸ್ತಕಗಳ ಹೆಸರು ಬರೆಯಲಿಲ್ಲ. ಅದಕ್ಕೆ ಕಾರಣ ಪುಟ್ಟಣ್ಣ, ಅದು ಮುಂದೆ ಬರುತ್ತೆ.

ನಾನು: ಈಚೆಗೆ ಓದಿದ್ದು. ಹೆಸರು ಬೇಕಾದವರು ಪ್ರತ್ಯೇಕವಾಗಿ ಕೇಳಿ.

ಪತ್ತೇದಾರಿ ಒಂದು. ಕೊಂದಿದ್ದು ಯಾರು ಅಂತ ಅರ್ಧ ಪುಸ್ತಕಕ್ಕೇ ಹೇಳಿಬಿಡ್ತಾರೆ. ಉಳಿದರ್ಧವೆಲ್ಲ, ಗೊತ್ತಿದ್ದೂ ಮನೆಯವರು ಯಾಕೆ ಬಾಯಿ ಮುಚ್ಚಿಕೊಂಡಿದ್ದರು ಅನ್ನೋದೇ. ಒಬ್ಬೊಬ್ಬರ ಮೌನಕ್ಕೂ ಬೇರೆ ಬೇರೆ ಕಾರಣ. ಎರಡು ರಾತ್ರಿ ನಿದ್ದೆಗೆಟ್ಟು ಓದಿದೆ.

ವೈಜ್ಞಾನಿಕ ಕಾದಂಬರಿ ಒಂದು. ತಲುಪೋಕೆ ಹತ್ತಾರು ತಲೆಮಾರು ಬೇಕಾಗುವ ಆಕಾಶನೌಕೆ. ಮೊದಲ 60 ಪುಟ ಯಂತ್ರಗಳ ಹೆಸರು, ನನಗೆ ಸಾಕಾಯ್ತು. ಆಮೇಲೆ ಅಲ್ಲೇ ಹುಟ್ಟಿದ ಹುಡುಗಿಯೊಬ್ಬಳು ‘ಹೊರಡೋ ಮೊದಲು ನನ್ನನ್ನು ಯಾರಾದರೂ ಕೇಳಿದ್ದರಾ?’ ಅಂತಾಳೆ. ಆ 60 ಪುಟ ಯಾಕೆ ಬೇಕಿತ್ತು ಅಂತ ಆಗ ಗೊತ್ತಾಯ್ತು. ಆ ಯಂತ್ರಗಳೇ ಅವಳ ಜೈಲು.

ಭೂತದ್ದು ಒಂದು. ಭೂತ ಬರೋದೇ ಇಲ್ಲ. ಮೆಟ್ಟಿಲು ಎಣಿಸುವಾಗ ಹತ್ತುವಾಗ ಒಂದು ಲೆಕ್ಕ, ಇಳಿಯುವಾಗ ಇನ್ನೊಂದು. ಅಷ್ಟೇ.

ಪ್ರೇಮದ ಕಥೆ ಒಂದು. ಇಬ್ಬರೂ ಸೇರ್ತಾರೆ ಅಂತ ಮುಖಪುಟ ನೋಡಿದರೇ ಗೊತ್ತು, ಆದರೂ ಕೈಯಿಂದ ಇಳಿಸೋಕೆ ಆಗಲಿಲ್ಲ.

ಐತಿಹಾಸಿಕ ಒಂದು. ಇದು ಬೇಸರ ತರಿಸಿತು. ಮುನ್ನೂರು ವರ್ಷದ ಹಿಂದಿನವರು ನಮ್ಮ ಇವತ್ತಿನ ಅಭಿಪ್ರಾಯಗಳನ್ನೇ ಹೇಳ್ತಾರೆ. ಬಟ್ಟೆ ಮಾತ್ರ ಹಳೇದು.

ಕೊನೆಗೆ ಒಂದು ತೆಳ್ಳನೆಯದು, ಗಂಭೀರ ಅಂತೀವಲ್ಲ ಆ ಥರದ್ದು. ತೀರಿಹೋದ ಹೆಂಡತಿಯ ಲೆಕ್ಕದ ಪುಸ್ತಕವನ್ನು ಮುದುಕರೊಬ್ಬರು ಓದ್ತಾ ಕೂರ್ತಾರೆ. ಎರಡು ಸಲ ಕೆಳಗಿಟ್ಟೆ. ಮೂರನೇ ಸಲ, ಒಂದು ಕಡೆ ಅವಳ ಕೈಬರಹ ಬದಲಾಗುತ್ತೆ. ಆಗಲೇ ಕಾಯಿಲೆ ಶುರುವಾಗಿತ್ತು ಅಂತ ಅವರಿಗೆ ಈಗ ಗೊತ್ತಾಗೋದು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಅತ್ತೆ ಕೈಮುಗಿದ ಚಿತ್ರ ಹಾಕಿದರು, ಚಿಕ್ಕಪ್ಪ ಹೆಬ್ಬೆರಳು ಎತ್ತಿದರು. ಬೆಳಿಗ್ಗೆ ಏಳುವಷ್ಟರಲ್ಲಿ ದೊಡ್ಡಪ್ಪನ ಫಾರ್ವರ್ಡ್ ಬಂದಿತ್ತು. ಮೇಲೆ ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಅನ್ನೋ ಎರಡು ಬಾಣ.

ದೊಡ್ಡಪ್ಪ: ವಿಜ್ಞಾನಿಗಳೇ ಹೇಳಿದ ಸತ್ಯ!! ಗಂಭೀರ ಸಾಹಿತ್ಯ ಓದುವವರು ಎದುರಿನವರ ಕಣ್ಣು ನೋಡಿಯೇ ಮನಸ್ಸು ತಿಳಿಯಬಲ್ಲರು. ಪತ್ತೇದಾರಿ, ಪ್ರೇತ, ಪ್ರೇಮ ಕಾದಂಬರಿ ಓದುವವರಲ್ಲಿ ಈ ಶಕ್ತಿ ನಾಶವಾಗುತ್ತದೆ. ವಿದೇಶಿ ವಿಶ್ವವಿದ್ಯಾಲಯದಲ್ಲಿ ಸಾಬೀತು. ನಿಮ್ಮ ಮಕ್ಕಳ ಕೈಯಲ್ಲಿ ಯಾವ ಪುಸ್ತಕವಿದೆ? ಇಂದೇ ನೋಡಿ. ಕನಿಷ್ಠ 10 ಜನರಿಗೆ ಕಳಿಸಿ.

ದೊಡ್ಡಪ್ಪ: ಯಾರನ್ನೂ ಉದ್ದೇಶಿಸಿ ಹಾಕಿದ್ದಲ್ಲ.

ಭಾವ: ಮೂಲ?

ದೊಡ್ಡಪ್ಪ: ವಿದೇಶಿ ವಿಶ್ವವಿದ್ಯಾಲಯ ಅಂತ ಅದರಲ್ಲೇ ಇದೆಯಲ್ಲ ಅಳಿಯಂದಿರೇ.

ಭಾವ: ಯಾವ ದೇಶ, ಯಾವ ವರ್ಷ, ಯಾರು ಮಾಡಿದ್ದು? ಅದಿಲ್ಲದೆ ಹತ್ತು ಜನಕ್ಕೆ ಕಳಿಸಿ ಅಂದರೆ ಹೇಗೆ ಮಾವ?

ಅಕ್ಕ: ಶುರುವಾಯ್ತು. ಇವರು ಇನ್ನೂ ಮುಖ ತೊಳೆದಿಲ್ಲ.

ಅತ್ತೆ: ಅಣ್ಣ ಒಳ್ಳೇದಕ್ಕೇ ಹಾಕಿದ್ದು. ಎಲ್ಲದಕ್ಕೂ ಮೂಲ ಕೇಳಿದರೆ ದೊಡ್ಡವರು ಮಾತೇ ಆಡಬಾರದು ಹಾಗಾದರೆ.

ಪುಟ್ಟಿ: ತಾತ, ನಾನು ಡ್ರ್ಯಾಗನ್ ಪುಸ್ತಕ ಓದೋದು. ಲಿಸ್ಟಲ್ಲಿ ಡ್ರ್ಯಾಗನ್ ಇಲ್ಲ. ಓದಬಹುದು ತಾನೇ?

ದೊಡ್ಡಪ್ಪ: ಪುಟ್ಟೀ, ಓದು ಅನ್ನೋದು ತಪಸ್ಸು. ಕೈಗೆ ಸಿಕ್ಕಿದ್ದನ್ನೆಲ್ಲ ಓದಿದರೆ ಮನಸ್ಸು ಕಸದ ಬುಟ್ಟಿಯಾಗುತ್ತೆ. ಒಂದು ಪುಸ್ತಕ ಓದಿದರೆ ಮನುಷ್ಯ ಇನ್ನಷ್ಟು ಮನುಷ್ಯನಾಗಬೇಕು. ಕೊಲೆ ಮಾಡಿದ್ದು ಯಾರು ಅಂತ ತಿಳಿದು ಯಾರಿಗೆ ಏನಾಗಬೇಕು?

ಭಾವ: ಪೊಲೀಸರಿಗೆ ಬೇಕಾಗುತ್ತೆ.

ಅಕ್ಕ: ರೀ.

ಇಲ್ಲಿಗೆ ಬಿಟ್ಟಿದ್ದರೆ ಮುಗೀತಿತ್ತು. ಆದರೆ ಆ ಫಾರ್ವರ್ಡಿನ ಹಿಂದೆ ಒಂದು ನಿಜವಾದ ಸಂಶೋಧನೆ ಇದೆ, ಅದರ ವಿಷಯ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರೋಕೆ ಆಗಲಿಲ್ಲ.

ನಾನು: ಭಾವ, ಮೂಲ ಇದೆ. ದೊಡ್ಡಪ್ಪ, ಮೂಲದಲ್ಲಿರೋದು ಇದಲ್ಲ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು, ಕಿಡ್ ಮತ್ತು ಕಸ್ಟಾನೊ ಅನ್ನೋ ಇಬ್ಬರದು, ಅಮೆರಿಕದ್ದು. ಒಟ್ಟು ಐದು ಪ್ರಯೋಗ. ಕೆಲವರಿಗೆ ಪ್ರಶಸ್ತಿಯ ಪಟ್ಟಿಗೆ ಬಂದ ಕಥೆಗಳ ತುಣುಕು ಓದೋಕೆ ಕೊಟ್ಟರು, ಕೆಲವರಿಗೆ ಚೆನ್ನಾಗಿ ಮಾರಾಟವಾಗೋ ಕಥೆಗಳದ್ದು. ಕೆಲವರಿಗೆ ಲೇಖನ, ಕೆಲವರಿಗೆ ಏನೂ ಇಲ್ಲ. ಆಮೇಲೆ ಪರೀಕ್ಷೆ. ಮುಖ್ಯವಾದದ್ದು 36 ಫೋಟೋಗಳದ್ದು, ಬರೀ ಕಣ್ಣಿನ ಭಾಗ. ಆ ಕಣ್ಣಿನಲ್ಲಿರೋ ಭಾವ ಯಾವುದು ಅಂತ ನಾಲ್ಕು ಪದಗಳಲ್ಲಿ ಒಂದನ್ನು ಆರಿಸಬೇಕು. ಪ್ರಶಸ್ತಿ ಕಥೆ ಓದಿದವರು ಸ್ವಲ್ಪ ಹೆಚ್ಚು ಸರಿ ಹೇಳಿದರು. ಸ್ವಲ್ಪ. ‘ಶಕ್ತಿ ನಾಶ’ ಅಂತ ಅದರಲ್ಲಿ ಎಲ್ಲೂ ಇಲ್ಲ.

ದೊಡ್ಡಪ್ಪ: ನೋಡಿದಿರಾ ಅಳಿಯಂದಿರೇ. ಇದೆ ಅಂತ ಅವಳೇ ಹೇಳ್ತಿದ್ದಾಳೆ.

ನಾನು: ಇನ್ನೂ ಮುಗಿದಿಲ್ಲ ದೊಡ್ಡಪ್ಪ. 2010ರಿಂದ 2015ರವರೆಗೆ ಸೈನ್ಸ್, ನೇಚರ್ ಎರಡರಲ್ಲೂ ಬಂದಿದ್ದ ಇಂಥ 21 ಪ್ರಯೋಗಗಳನ್ನು ಬೇರೆಯವರು ಇನ್ನೂ ಹೆಚ್ಚು ಜನರನ್ನು ಸೇರಿಸಿ ಮತ್ತೆ ಮಾಡಿ ನೋಡಿದರು. ಫಲಿತಾಂಶ 2018ರಲ್ಲಿ ಬಂತು. 13ರಲ್ಲಿ ಮೊದಲಿನ ಥರದ್ದೇ ಮತ್ತೆ ಕಂಡಿತು, 8ರಲ್ಲಿ ಕಾಣಲಿಲ್ಲ. ಈ ಓದಿನ ಪ್ರಯೋಗ ಆ ಎಂಟರಲ್ಲಿ ಒಂದು.

ಭಾವ: ಹಾಂ! ಹಾಗಾದರೆ ಸುಳ್ಳೇ ಆಯ್ತು.

ನಾನು: ಅಷ್ಟು ಬೇಗ ಬೇಡ ಭಾವ. ಐದು ಹತ್ತು ನಿಮಿಷದ ಓದು ಮನುಷ್ಯನನ್ನು ಬದಲಾಯಿಸುತ್ತೆ ಅನ್ನೋದು ಮತ್ತೆ ಮಾಡಿದಾಗ ಕಾಣಲಿಲ್ಲ ಅಷ್ಟೇ. ವರ್ಷಾನುಗಟ್ಟಲೆ ಕಥೆ ಓದಿಕೊಂಡು ಬಂದವರು ಅದೇ ಕಣ್ಣಿನ ಪರೀಕ್ಷೆಯಲ್ಲಿ ತುಸು ಮುಂದಿರ್ತಾರೆ ಅಂತ 2006ರಿಂದಲೂ ಬೇರೆ ಬೇರೆಯವರು ಕಂಡಿದ್ದಾರೆ. ಓದಿ ಹಾಗಾದರೋ, ಹಾಗಿರುವವರೇ ಓದ್ತಾರೋ, ಅದು ಬೇರೆ ಪ್ರಶ್ನೆ.

ಭಾವ: ಒಟ್ಟಿನಲ್ಲಿ ಮಾವ ಹಾಕಿದ್ದು ತಪ್ಪು.

ಅತ್ತೆ: ತಪ್ಪು ಅಂತ ದೊಡ್ಡವರಿಗೆ ಹೇಳೋ ರೀತಿ ಇದಾ?

ದೊಡ್ಡಪ್ಪ: ಹೇಳಲಿ ಬಿಡಮ್ಮ. ಫೋನನ್ನು ದಿಂಬಿನ ಪಕ್ಕ ಇಟ್ಟರೆ ನೆನಪಿನ ಶಕ್ತಿ ಹೋಗುತ್ತೆ ಅಂತ ಹೋದ ವರ್ಷ ಇದೇ ಗುಂಪಿಗೆ ಹಾಕಿದ್ದು ಯಾರು? ಆಗ ನಾನು ಮೂಲ ಕೇಳಲಿಲ್ಲ. ಫೋನು ಎತ್ತಿ ಬೇರೆ ಕೋಣೆಯಲ್ಲಿಟ್ಟೆ.

ಭಾವ: ಅದನ್ನು ಪರಿಶೀಲಿಸಿ ಅಂತ ಹಾಕಿದ್ದು.

ಅಕ್ಕ: ಪರಿಶೀಲಿಸಿ ಅಂತ ಬರೆದಿರಲಿಲ್ಲ ರೀ. ನಂಗೂ ಕಳಿಸಿದ್ರಿ.

ಭಾವ: ಈ ಸಂದೇಶವನ್ನು ಅಳಿಸಲಾಗಿದೆ.

ದೊಡ್ಡಪ್ಪನ ಮೇಲೆ ನನಗೆ ಹಳೇ ನೋವು ಒಂದಿತ್ತು. ಒಂಬತ್ತನೇ ಕ್ಲಾಸಲ್ಲಿ ಒಂದು ಭೂತದ ಪುಸ್ತಕ ಓದ್ತಾ ಕೂತಿದ್ದಾಗ ಕೈಯಿಂದ ಕಿತ್ತುಕೊಂಡು ಬೀರುವಿಗೆ ಬೀಗ ಹಾಕಿದ್ದರು. ಯಾರದೋ ಪುಸ್ತಕ. ಅದನ್ನು ವಾಪಸ್ ಕೊಡೋಕಾಗದೆ ಆ ಹುಡುಗಿ ನನ್ನ ಜೊತೆ ಮಾತು ಬಿಟ್ಟಳು. ಇಷ್ಟು ವರ್ಷ ಬಾಯಿಬಿಟ್ಟಿರಲಿಲ್ಲ, ಅವತ್ತು ಬರೆದೆ.

ನಾನು: ದೊಡ್ಡಪ್ಪ, ನೀವು ಕಸ ಅಂದದ್ದು ಮತ್ತೆ ಮತ್ತೆ ಕಪಾಟು ಬದಲಾಯಿಸಿದೆ. ಜರ್ಮನ್ ಲೇಖಕ ಗಯಟೆ 1774ರಲ್ಲಿ ಒಂದು ಕಾದಂಬರಿ ಬರೆದರು, ಪ್ರೇಮದಲ್ಲಿ ಸೋತ ಯುವಕನದು. ಓದಿದವರು ಕೆಡ್ತಾರೆ ಅಂತ 1775ರಲ್ಲಿ ಲೈಪ್‌ಜಿಗ್ ನಗರದವರು ಅದನ್ನು ನಿಷೇಧಿಸಿದರು. ಆ ನಾಯಕನ ಥರ ಬಟ್ಟೆ ಹಾಕೋದಕ್ಕೂ ನಿಷೇಧ. ಇವತ್ತು ಅದನ್ನು ಗಂಭೀರ ಸಾಹಿತ್ಯ ಅಂತ ಪಾಠ ಮಾಡ್ತಾರೆ. ಒಂಬತ್ತನೇ ಕ್ಲಾಸಲ್ಲಿ ನೀವು ಬೀಗ ಹಾಕಿದ ಪುಸ್ತಕ ಯಾವ ಕಪಾಟಿನದು ಅಂತ ನೀವೂ ಓದಿ ನೋಡಲಿಲ್ಲ, ನನಗೂ ಓದೋಕೆ ಬಿಡಲಿಲ್ಲ.

ಅತ್ತೆ: ಅಯ್ಯೋ, ಅದಿನ್ನೂ ನೆನಪಿದೆಯಾ ನಿಂಗೆ.

ದೊಡ್ಡಪ್ಪ: ಆ ವರ್ಷ ನಿನ್ನ ಗಣಿತದ ಅಂಕ ಎಷ್ಟು ಅಂತಲೂ ಹೇಳು.

ಭಾವ: ಆ ಭೂತದ ಕಥೆಗಳಿಗಂತೂ ಮೂಲವೇ ಇರಲ್ಲ.

ನಾನು: ಇದೆ ಭಾವ, ಅದೂ ಸುಳ್ಳು ಮೂಲದ ಜೊತೆ. ಗಾಥಿಕ್, ಅಂದರೆ ಭೂತ ಭಯದ ಹಳೇ ಥರದ ಕಾದಂಬರಿಗಳಲ್ಲಿ ಮೊದಲನೆಯದು ಅಂತ ಹೇಳೋದು 1764ರ ಕೊನೆಗೆ ಲಂಡನ್ನಿನಲ್ಲಿ ಬಂತು. ಬರೆದವರು ಹೊರೇಸ್ ವಾಲ್‌ಪೋಲ್. ತನ್ನ ಹೆಸರು ಹಾಕದೆ, 1529ರಲ್ಲಿ ನೇಪಲ್ಸಿನಲ್ಲಿ ಅಚ್ಚಾದ ಇಟಾಲಿಯನ್ ಪುಸ್ತಕ ಸಿಕ್ಕಿತು, ಇದು ಅದರ ಅನುವಾದ ಅಂತ ಮುನ್ನುಡಿ ಬರೆದರು. ಜನ ನಂಬಿದರು. ಮಾರನೇ ವರ್ಷ ಎರಡನೇ ಮುದ್ರಣದಲ್ಲಿ, ನಾನೇ ಬರೆದದ್ದು ಅಂತ ಒಪ್ಪಿಕೊಂಡರು.

ಭಾವ: ಇದು ಚೆನ್ನಾಗಿದೆ. ಮಾವ, ಅವರೂ ಫಾರ್ವರ್ಡೇ ಮಾಡಿದ್ದು.

ದೊಡ್ಡಪ್ಪ: ಒಪ್ಪಿಕೊಂಡರಲ್ಲ. ದೊಡ್ಡ ಮನುಷ್ಯ.

ಪುಟ್ಟಿ: ಚಿಕ್ಕಮ್ಮ, ಮೆಟ್ಟಿಲು ಎಣಿಸೋ ಪುಸ್ತಕದ ಹೆಸರು ಹೇಳಿ. ಪ್ಲೀಸ್.

ನಾನು: ನಿನಗೆ ಬೇರೆ ಕಳಿಸ್ತೀನಿ. ಇಲ್ಲಿ ಪುಟ್ಟಣ್ಣ ಇದ್ದಾನೆ.

ಪುಟ್ಟಣ್ಣ: ನಾನೇನು ಮಾಡಿದೆ? ಈಗ ತಾನೇ ಎದ್ದೆ. 74 ಮೆಸೇಜು.

ನಾನು: ನೀನು ಓದಿ ಕೊಟ್ಟ ಪತ್ತೇದಾರಿ ಪುಸ್ತಕ. 11ನೇ ಪುಟದಲ್ಲಿ ತೋಟದವನು ಗೇಟು ತೆಗೀತಾನೆ. ಅಲ್ಲೇ ಅಂಚಿನಲ್ಲಿ ಪೆನ್ಸಿಲಲ್ಲಿ ‘ಇವನೇ’ ಅಂತ ಬರೆದಿದ್ದೆ.

ಪುಟ್ಟಣ್ಣ: ಹಹ್ಹಾ, ಹೌದು! ನನಗೂ ಯಾರೋ ಹಾಗೇ ಮಾಡಿದ್ದರು.

ನಾನು: ನಿಂಗೆ ನಗು. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನೋ ಇಂಗ್ಲಿಷ್ ಪಾದ್ರಿಯೊಬ್ಬರು ಪತ್ತೇದಾರಿ ಕಥೆಗೆ ಹತ್ತು ನಿಯಮ ಮಾಡಿದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ತಕ್ಷಣ ಸಿಗಬೇಕು. ಗುಪ್ತ ಕೋಣೆ ಒಂದಕ್ಕಿಂತ ಹೆಚ್ಚು ಇರಬಾರದು. ಬರೆಯುವವರು ಓದುವವರಿಗೆ ಮೋಸ ಮಾಡಬಾರದು ಅಂತ ಇಷ್ಟು ಯೋಚನೆ ಮಾಡಿದ್ದಾರೆ. ಆ ಪುಸ್ತಕ ಬರೆದವರು 200 ಪುಟ ಜೋಪಾನ ಮಾಡಿದ್ದನ್ನು ನೀನು ಒಂದು ಪದದಲ್ಲಿ ಕಳೆದೆ.

ಅಕ್ಕ: ಸ್ಪಾಯ್ಲರ್ ಕೊಟ್ಟರೆ ಕಥೆ ಇನ್ನೂ ಚೆನ್ನಾಗಿರುತ್ತೆ ಅಂತ ನೀನೇ ಒಂದ್ಸಲ ಹೇಳಿದ್ದೆ ಕಣೇ.

ನಾನು: ನಾನು ಹೇಳಿದ್ದಲ್ಲ ಅಕ್ಕ, ಪ್ರಯೋಗ ಹೇಳಿದ್ದು. 2011ರಲ್ಲಿ ಸ್ಯಾನ್ ಡಿಯಾಗೊದಲ್ಲಿರೋ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು, 12 ಸಣ್ಣಕಥೆ, 800ಕ್ಕೂ ಹೆಚ್ಚು ಓದುಗರು. ಕೊನೆ ಮೊದಲೇ ಗೊತ್ತಿದ್ದವರಿಗೇ ಕಥೆ ಹೆಚ್ಚು ಹಿಡಿಸಿತು, ಪತ್ತೇದಾರಿ ಕಥೆಗಳಲ್ಲೂ.

ಪುಟ್ಟಣ್ಣ: ನೋಡಿ! ಉಪಕಾರ ಮಾಡಿದ್ದೀನಿ. ಇಪ್ಪತ್ತು ವರ್ಷ ಬೈಸಿಕೊಂಡೆ.

ನಾನು: 2015ರಲ್ಲಿ ಬೇರೆಯವರು ಮಾಡಿದಾಗ ಉಲ್ಟಾ ಬಂತು, ಹೇಳಿಬಿಟ್ಟರೆ ರುಚಿ ಕಮ್ಮಿಯಾಗುತ್ತೆ ಅಂತ.

ಭಾವ: ಇದಕ್ಕೇ ನಾನು ಯಾವುದನ್ನೂ ನಂಬಲ್ಲ.

ನಾನು: ನಂಬಬೇಡಿ ಭಾವ, ಆದರೆ ನೀವೇ ಯೋಚಿಸಿ. ಪ್ರೇಮದ ಕಥೆಯ ಕೊನೆ ನನಗೆ ಮೊದಲೇ ಗೊತ್ತಿತ್ತು, ಏನೂ ಕಮ್ಮಿಯಾಗಲಿಲ್ಲ. ಅವರು ಸೇರೋ ದಾರಿ ನೋಡೋದೇ ಅಲ್ಲಿರೋ ಸುಖ. ಭೂತದ ಕಥೆಯಲ್ಲಿ ಮೆಟ್ಟಿಲಿನ ಗುಟ್ಟು ಮೊದಲೇ ತಿಳಿದಿದ್ದರೆ ನನ್ನ ಕಾಲಿನ ನಡುಕ ಹೋಗಿರೋದು. ಲೆಕ್ಕದ ಪುಸ್ತಕದ ಮುದುಕರ ಕಥೆಯನ್ನು ನಾನು ಪೂರ್ತಿ ಹೇಳಿಯಾಯ್ತು, ಆದರೂ ನೀವು ಓದಿದರೆ ಆ ಪುಟಕ್ಕೆ ಬಂದಾಗ ನಿಮಗೂ ಹಾಗೇ ಆಗುತ್ತೆ. ಒಂದೊಂದು ಜಾತಿಯ ಕಥೆ ನಮ್ಮಿಂದ ಒಂದೊಂದು ಥರದ ಗಮನ ಕೇಳುತ್ತೆ. ಅವನ್ನೆಲ್ಲ ಒಂದೇ ತಕ್ಕಡಿಗೆ ಹಾಕಿ ಇದು ಮೇಲು, ಅದು ಕೀಳು ಅನ್ನೋದೇ ನನಗೆ ಸಂಕಟ.

ಇದನ್ನು ಬರೆಯೋಕೆ ನನಗೆ ಹತ್ತು ನಿಮಿಷ ಹಿಡೀತು. ಕಳಿಸುವಷ್ಟರಲ್ಲಿ ಪುಟ್ಟಣ್ಣ ಬೇರೆಲ್ಲೋ ಹೋಗಿಬಿಟ್ಟಿದ್ದ.

ಪುಟ್ಟಣ್ಣ: ಅದಿರಲಿ, ತಾತ ಹೊಲಿದಿಟ್ಟಿದ್ದ ಧಾರಾವಾಹಿ ನೆನಪಿದೆಯಾ? ವಾರಪತ್ರಿಕೆಯಿಂದ ಪುಟ ಕತ್ತರಿಸಿ, ದಾರದಲ್ಲಿ ಹೊಲಿದು, ಕಂದು ಕಾಗದದ ರಟ್ಟು ಹಾಕಿದ್ದು. ಎಂಥ ವಾಸನೆ ಅದರದು!

ಅತ್ತೆ: ಛಾಪಖಾನೆ ಕೊಲೆ! ಅಪ್ಪ ಪ್ರತಿ ವಾರ ಮೊದಲು ತಾವು ಓದಿ ಆಮೇಲೆ ನಮಗೆ ಕೊಡ್ತಿದ್ದರು. ಅದು ಎಲ್ಲಿ ಹೋಯ್ತು ಅಂತ ನಾನು ಮೂವತ್ತು ವರ್ಷದಿಂದ ಕೇಳ್ತಿದ್ದೀನಿ. ಮನೆ ಖಾಲಿ ಮಾಡುವಾಗ ಅಣ್ಣನ ಪೆಟ್ಟಿಗೆಯಲ್ಲಿತ್ತು.

ದೊಡ್ಡಪ್ಪ: ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ. ರದ್ದಿಯವನಿಗೆ ಹಳೇ ಪತ್ರಿಕೆ ಹಾಕಿದ್ದು ಚಿಕ್ಕವನು. ಅವನನ್ನೇ ಕೇಳು.

ಅಕ್ಕ: ಏನು ಕಥೆ ಅದು? ನಾವು ಕೇಳೇ ಇಲ್ಲ.

ಅತ್ತೆ: ಛಾಪಖಾನೆ ಯಜಮಾನ ಸತ್ತು ಬಿದ್ದಿರ್ತಾನೆ. ಕೈಯಲ್ಲಿ ಅಚ್ಚಿನ ಮೊಳೆ ಜೋಡಿಸೋ ಪಟ್ಟಿ. ಅದರಲ್ಲಿ ಒಂದು ಸಾಲು, ತಿರುಗುಮುರುಗು ಅಕ್ಷರ, ಕನ್ನಡಿ ಹಿಡಿದೇ ಓದಬೇಕು. ಪ್ರೂಫ್ ನೋಡೋ ಹುಡುಗನ ಮೇಲೆ ಅನುಮಾನ ಬರುತ್ತೆ. ಅವನ ತಾಯಿ ರಾತ್ರೋರಾತ್ರಿ ಮಸಿ ಮೆತ್ತಿದ ಶರ್ಟು ಸುಡ್ತಾಳೆ. ಮಗನನ್ನು ಉಳಿಸೋಕೆ.

ದೊಡ್ಡಪ್ಪ: ಮಗನನ್ನು ಉಳಿಸೋಕಲ್ಲ.

ಅತ್ತೆ: ಮತ್ತೆ?

ದೊಡ್ಡಪ್ಪ: ಆ ಶರ್ಟು ಮಗನದಲ್ಲ. ತೋಳು ಉದ್ದ ಅಂತ ಏಳನೇ ಕಂತಿನಲ್ಲೇ ಬರುತ್ತೆ. ನೀನು ಸರಿಯಾಗಿ ಓದಿಲ್ಲ.

ಭಾವ: ಮಾವ, ಪತ್ತೇದಾರಿ?

ದೊಡ್ಡಪ್ಪ: ಅದು ಸಾಮಾಜಿಕ ಕಾದಂಬರಿ. ಕೊಲೆ ಒಂದು ನೆಪ.

ಅತ್ತೆ: ಏನಾದರೂ ಆಗಲಿ, ಕೊನೆಗೆ ತಾಯಿ ಮಗ ಇಬ್ಬರೂ ರೈಲು ಹತ್ತಿ ಹೋಗಿಬಿಡ್ತಾರೆ. ನನಗೆ ಚೆನ್ನಾಗಿ ನೆನಪಿದೆ.

ಪುಟ್ಟಣ್ಣ: ಇಲ್ಲ ಅತ್ತೆ, ಯಜಮಾನ ಸತ್ತೇ ಇರಲ್ಲ. ಆ ಹೆಣ ಬೇರೆಯವನದು. ಕೊನೇಲಿ ಅವನೇ ಬಾಗಿಲು ತಟ್ಟುತ್ತಾನೆ.

ಇಲ್ಲಿಂದ ಮುಂದೆ ಇಪ್ಪತ್ತು ಮೂವತ್ತು ಮೆಸೇಜು ರೈಲೋ ಬಾಗಿಲೋ ಅನ್ನೋದೇ. ಅತ್ತೆ ಬೋಗಿಯ ಬಣ್ಣವನ್ನೂ ಹೇಳಿದರು. ಬೆಳಿಗ್ಗೆಯ ಫಾರ್ವರ್ಡ್ ಯಾರಿಗೂ ನೆನಪಿರಲಿಲ್ಲ. ಆಗ ಯಾವತ್ತೂ ಹೆಬ್ಬೆರಳು ಬಿಟ್ಟು ಬೇರೇನೂ ಹಾಕದ ಚಿಕ್ಕಪ್ಪ ಬರೆದರು.

ಚಿಕ್ಕಪ್ಪ: ಪುಸ್ತಕ ನನ್ನ ಹತ್ತಿರ ಇದೆ. ರದ್ದಿಗೆ ಹಾಕಿಲ್ಲ.

ಅತ್ತೆ: ಏನೋ! ಇಷ್ಟು ವರ್ಷ ಯಾಕೆ ಹೇಳಲಿಲ್ಲ?

ಚಿಕ್ಕಪ್ಪ: ನೀವಿಬ್ಬರೂ ನನ್ನನ್ನು ಕೇಳಲಿಲ್ಲ. ನೀನು ಅಣ್ಣನನ್ನು ಬೈದೆ, ಅಣ್ಣ ನನ್ನನ್ನು ಬೈದ.

ಅತ್ತೆ: ಹಾಗಾದರೆ ಕೊನೇ ಪುಟದ ಫೋಟೋ ಹಾಕು. ಈಗಲೇ. ರೈಲು ಇರುತ್ತೆ ನೋಡು.

ಚಿಕ್ಕಪ್ಪ: ಕೊನೆ ಅದರಲ್ಲಿ ಇಲ್ಲ. ಕೊನೆಯ ನಾಲ್ಕು ಕಂತು ಅಪ್ಪ ಹೊಲಿಯಲೇ ಇಲ್ಲ. ಆ ತಿಂಗಳು ಅಪ್ಪ ಆಸ್ಪತ್ರೆಯಲ್ಲಿದ್ದರು. ಪತ್ರಿಕೆ ಯಾರೂ ತರಲಿಲ್ಲ.

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ಅತ್ತೆ: ಮತ್ತೆ ರೈಲು ನಾನು ಎಲ್ಲಿ ಓದಿದೆ?

ಚಿಕ್ಕಪ್ಪ: ನೀನು ಓದಿಲ್ಲ. ಅಣ್ಣ ಹೇಳಿದ. ನಾವು ಮೂವರೇ ಮನೆಯಲ್ಲಿರ್ತಿದ್ದೆವಲ್ಲ, ರಾತ್ರಿ ಹೇಳ್ತಿದ್ದ. ನೀನು ಮಲಗಿದ ಮೇಲೆ ನನಗೆ ಬೇರೆ ಹೇಳ್ತಿದ್ದ. ನನಗೆ ಹೇಳಿದ್ದರಲ್ಲಿ ತಾಯಿ ತಾನೇ ಕೊಂದೆ ಅಂತ ಒಪ್ಪಿಕೊಂಡು ಜೈಲಿಗೆ ಹೋಗ್ತಾಳೆ.

ಪುಟ್ಟಣ್ಣ: ಬಾಗಿಲು ತಟ್ಟೋದನ್ನು ನನಗೆ ಹೇಳಿದ್ದೂ ಅಪ್ಪನೇ. ಅಪ್ಪ?

ಮೇಲೆ ‘ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು. ನಿಂತಿತು. ಮತ್ತೆ ಬಂತು. ನಾನು ಫೋನು ಕೆಳಗಿಡದೆ ಕಾದೆ.

ದೊಡ್ಡಪ್ಪ: ನಿನಗೆ ಆಗ ಎಂಟು ವರ್ಷ ಕಣಮ್ಮ. ಅಮ್ಮ ಆಸ್ಪತ್ರೆಯಲ್ಲೇ ಇರ್ತಿದ್ದಳು. ಕಥೆಯಲ್ಲಿ ತಾಯಿ ಮಗನನ್ನು ಬಿಟ್ಟು ಜೈಲಿಗೆ ಹೋದಳು ಅಂದಿದ್ದರೆ ನೀನು ಮಲಗ್ತಿರಲಿಲ್ಲ.

ಅತ್ತೆ ಉತ್ತರ ಬರೆಯಲಿಲ್ಲ. ಅಕ್ಕ ಏನೋ ಹಾಕಿ ಅಳಿಸಿದಳು.

ಪುಟ್ಟಿ: ತಾತ, ನಂಗೆ ಹದಿನೈದು. ನಿಜವಾದ್ದು ಹೇಳಿ. ಶರ್ಟು ಯಾರದು?

ದೊಡ್ಡಪ್ಪ: ಅವಳ ಗಂಡನದು. ಮಗನ ಮೇಲೆ ಅವಳಿಗೆ ಯಾವತ್ತೂ ಅನುಮಾನ ಇರಲಿಲ್ಲ. ಒಂದನೇ ಕಂತಿನಲ್ಲಿ ಅವಳು ದೀಪ ಆರಿಸದೆ ಕೂತಿರ್ತಾಳೆ ನೋಡು, ಅಲ್ಲಿಂದ ಶುರು ಮಾಡಬೇಕು. ಸಂಜೆ ಫೋನ್ ಮಾಡು.